ಎರಡು ಹಳದಿ ಹಕ್ಕಿಗಳು

ಅಕ್ಕಂದಿರೇ, ಇದು ದೂರದ ಅಮೆರಿಕ ದೇಶದ ಸಂಗತಿ. ಅಲ್ಲಿ ಪುಟ್ಟ ಉಲಿಯಕ್ಕಿಗಳಿವೆ. ಗುಬ್ಬಚ್ಚಿಗಿಂತ ಹಗುರ. ಅವುಗಳಲ್ಲಿ ಎರಡು ಜಾತಿಯ ಕಥೆ ಓದೋಣ. ಒಂದರ ಹೆಸರು ಬ್ಯಾಕ್‌ಮನ್. ಇನ್ನೊಂದು ಕರ್ಟ್‌ಲೆಂಡ್. ಎರಡಕ್ಕೂ ಹಳದಿ ಹೊಟ್ಟೆ. ಎರಡಕ್ಕೂ ಎರಡೆರಡು ಊರು. ಅಮೆರಿಕದಲ್ಲಿ ಮರಿ ಮಾಡುವುದು, ಚಳಿಗಾಲಕ್ಕೆ ಸಮುದ್ರ ದಾಟಿ ಬೆಚ್ಚಗಿನ ದ್ವೀಪಕ್ಕೆ ಹೋಗುವುದು.

ಬ್ಯಾಕ್‌ಮನ್ ಹಕ್ಕಿ ಜೌಗು ಕಾಡಿನಲ್ಲಿತ್ತು. ಬಿದಿರಿನ ಜಾತಿಯ ಪೊದೆ ಅದರ ನೆಲೆ. ಜನ ಮರ ಕಡಿದರು. ನೀರು ಬಸಿದು ಹೊಲ ಮಾಡಿದರು. ಅದು ಚಳಿಗಾಲ ಕಳೆಯುತ್ತಿದ್ದ ಕ್ಯೂಬಾದಲ್ಲೂ ಕಾಡು ಹೋಯಿತು, ಕಬ್ಬು ಬಂತು. ಎರಡೂ ಕಡೆ ಮನೆ ಹೋದರೆ ಹಕ್ಕಿ ಎಲ್ಲಿಗೆ ಹೋದೀತು? 1960ರ ನಂತರ ಅದು ಕಾಣುವುದೇ ಅಪರೂಪವಾಯಿತು. 2023ರಲ್ಲಿ ಅಮೆರಿಕ ಸರ್ಕಾರ ಈ ಹಕ್ಕಿ ಅಳಿದುಹೋಗಿದೆ ಎಂದು ಸಾರಿತು.

ಕರ್ಟ್‌ಲೆಂಡ್ ಹಕ್ಕಿಯೂ ಅದೇ ದಾರಿ ಹಿಡಿದಿತ್ತು. ಇದಕ್ಕೆ ಬಲು ಹಟ. ಮಿಷಿಗನ್ ಎಂಬ ಕಡೆ ಒಂದು ಬಗೆಯ ಪೈನ್ ಮರ ಬೆಳೆಯುತ್ತದೆ. ಆ ಮರ ಎಳೆಯದಾಗಿರಬೇಕು. ಅದರ ಕೆಳಗೆ ನೆಲದ ಮೇಲೆ ಇದರ ಗೂಡು. ಮರ ಎತ್ತರವಾಯಿತೋ, ಹಕ್ಕಿ ಜಾಗ ಬಿಡುತ್ತದೆ. ಆ ಮರದ ಕಾಯಿ ಅಂಟಿನಿಂದ ಮುಚ್ಚಿರುತ್ತದೆ. ಬೆಂಕಿಯ ಬಿಸಿಗೆ ಬಾಯಿ ಬಿಟ್ಟು ಬೀಜ ಉದುರಿಸುತ್ತದೆ. ಜನ ಕಾಡಿನ ಬೆಂಕಿ ಆರಿಸುತ್ತಾ ಬಂದರು. ಒಳ್ಳೇದೇ ಅನ್ನಿಸುತ್ತದೆ ಅಲ್ವಾ? ಆದರೆ ಎಳೆ ಮರ ಕಡಿಮೆಯಾದವು.

ಇನ್ನೊಂದು ಕಾಟವೂ ಇತ್ತು. ದನದ ಹಿಂದೆ ಓಡಾಡುವ ಒಂದು ಹಕ್ಕಿ ಇದರ ಗೂಡಲ್ಲಿ ಮೊಟ್ಟೆ ಇಡುತ್ತಿತ್ತು. ನಮ್ಮ ಕೋಗಿಲೆ ಕಾಗೆ ಗೂಡಲ್ಲಿ ಇಡುವ ಹಾಗೆ. ಸ್ವಂತ ಮರಿಗಳು ಹಸಿದು ಸಾಯುತ್ತಿದ್ದವು. 1972ರಿಂದ ಆ ಹಕ್ಕಿಗಳನ್ನು ಬಲೆಗೂಡಿನಲ್ಲಿ ಹಿಡಿದರು.

ಹಾಡುವುದು ಗಂಡುಹಕ್ಕಿ. ಹಾಡು ಕೇಳಿಯೇ ಲೆಕ್ಕ ಹಾಕಿದರು. 1987ರಲ್ಲಿ ಸಿಕ್ಕ ಗಂಡುಗಳು 167 ಮಾತ್ರ.

1980ರಲ್ಲಿ ಹಕ್ಕಿಗಾಗಿಯೇ ಅರಣ್ಯದವರು ಹಚ್ಚಿದ ಬೆಂಕಿ ಕೈಮೀರಿತ್ತು. ಒಬ್ಬ ನೌಕರ ಸತ್ತ. ಜನರ ಮನೆಗಳು ಸುಟ್ಟವು. ಅದೇ ಸುಟ್ಟ ನೆಲದಲ್ಲಿ ಎಳೆ ಪೈನ್ ಎದ್ದಿತು. ಕೆಲವು ವರ್ಷದ ಮೇಲೆ ಹಕ್ಕಿಗಳು ಅಲ್ಲಿ ತುಂಬಿಕೊಂಡವು. ಆಮೇಲೆ ಬೆಂಕಿಯನ್ನು ಅಷ್ಟಾಗಿ ನಂಬಲಿಲ್ಲ. ಹಳೆ ಮರ ಕಡಿದು ಸಸಿ ನೆಡುವುದೇ ಹೆಚ್ಚಾಯಿತು. 2015ರಲ್ಲಿ ಹಾಡುವ ಗಂಡುಗಳು 2,300 ದಾಟಿದವು. 2019ರಲ್ಲಿ ಅಪಾಯದ ಪಟ್ಟಿಯಿಂದ ಇದರ ಹೆಸರು ತೆಗೆದರು. ಸಸಿ ನೆಡುವುದು ಮಾತ್ರ ನಿಲ್ಲುವಂತಿಲ್ಲ. ಇಪ್ಪತ್ತು ವರ್ಷಕ್ಕೆ ಆ ಮರಗಳೂ ಎತ್ತರವಾಗುತ್ತವೆ.

ಮಾತಾಡೋಣ: ನೀವು ಚಿಕ್ಕವರಿದ್ದಾಗ ಊರಲ್ಲಿದ್ದು, ಈಗ ಕಾಣದ ಹಕ್ಕಿ ಯಾವುದು? ಅದು ಎಲ್ಲಿ ಗೂಡು ಕಟ್ಟುತ್ತಿತ್ತು? ಎರಡು ಸಾಲು ಬರೆಯಿರಿ.