ಆಶ್ರಯದ ಮಕ್ಕಳೂ ಪಂಚಾಚಾರವೂ

ತಂದೆತಾಯಿಗಳಿಲ್ಲದ ಮಗುವನ್ನು ಲೋಕವು ಅನಾಥವೆಂದು ಕರೆಯುತ್ತದೆ. ನಾಥನಿಲ್ಲದವನು ಅನಾಥನೆಂದು ಶಬ್ದಾರ್ಥ. ಆದರೆ ಸಕಲ ಜೀವಿಗಳಲ್ಲಿಯೂ ಶಿವಚೈತನ್ಯವನ್ನು ಕಾಣುವ ಶರಣಸಿದ್ಧಾಂತದಲ್ಲಿ ನಾಥನಿಲ್ಲದ ಜೀವವೆಂಬುದೇ ಇಲ್ಲ. ಆ ನಾಥನ ಕರುಣೆಯನ್ನು ಮಗುವಿಗೆ ಮುಟ್ಟಿಸುವ ಕೈ ಮಾತ್ರ ಕೆಲವೆಡೆ ಇಲ್ಲದಿರಬಹುದು. ಅಂಥ ಕೈಯಾಗುವುದು ಗೃಹಸ್ಥಭಕ್ತರ ದಾಸೋಹಗಳಲ್ಲಿ ಒಂದು.

ರಾಮದುರ್ಗದ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯು ಮುಂದೆ ಶಿವಯೋಗಮಂದಿರವನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ಎರಡು ಕ್ಷೇತ್ರಗಳೂ ಆಶ್ರಯವರಸಿ ಬಂದ ಮಕ್ಕಳ ಕಥೆಯನ್ನು ಹೇಳುತ್ತವೆ. ಹರಿಹರಕವಿಯು ತನ್ನ ರಗಳೆಯಲ್ಲಿ ನಿರೂಪಿಸುವಂತೆ, ಬಸವಣ್ಣನವರು ಎಳವೆಯಲ್ಲಿಯೇ ಮಾತಾಪಿತೃಗಳನ್ನು ಕಳೆದುಕೊಂಡು ಮುತ್ತವ್ವೆಯ ಪೋಷಣೆಯಲ್ಲಿ ಬೆಳೆದರು. ಬಳಿಕ ಮನೆಯನ್ನು ತೊರೆದು ಸಂಗಮಕ್ಕೆ ಬಂದರು. ಅಲ್ಲಿಯ ಈಶಾನ್ಯಗುರುಗಳು ಆ ತರುಣನಿಗೆ ಕೇವಲ ಅನ್ನವನ್ನಿಕ್ಕಿ ಸುಮ್ಮನಾಗಲಿಲ್ಲ. ಸಂಗಮನಾಥನ ಪೂಜೆಯ ಹೊಣೆಯನ್ನೂ ಒಪ್ಪಿಸಿದರು. ಆಶ್ರಯ ಕೊಡುವುದೆಂದರೆ ಅನ್ನದೊಡನೆ ನಂಬಿಕೆಯನ್ನೂ ಕೊಡುವುದೆಂಬುದು ಇದರ ತಾತ್ಪರ್ಯ.

ಇನ್ನು ಮಕ್ಕಳ ನಡತೆಯ ವಿಚಾರ. ಕುಡಿತದಿಂದ ಒಡೆದ ಮನೆ, ಪೋಷಕರ ಮರಣ, ದುಡಿಮೆಗಾಗಿ ಊರೂರು ಅಲೆದಾಟ, ೨೦೧೯ರ ಆಗಸ್ಟಿನಲ್ಲಿ ರಾಮದುರ್ಗದ ಸೀಮೆಯನ್ನು ಮುಳುಗಿಸಿದ ಮಹಾಪೂರದಂಥ ಆಪತ್ತು, ಇವುಗಳಲ್ಲಿ ಯಾವುದರಿಂದಲಾದರೂ ಮಗುವಿನ ಆಸರೆ ತಪ್ಪಬಹುದು. ಹಾಗೆ ನೊಂದು ಬಾಲಮಂದಿರಕ್ಕೋ ಬಂಧುಗಳ ಮನೆಗೋ ಬಂದ ಮಗುವು ಸುಳ್ಳಾಡುವುದುಂಟು, ಹೊಡೆದಾಡುವುದುಂಟು, ರಾತ್ರಿ ಹಾಸಿಗೆಯನ್ನು ಒದ್ದೆ ಮಾಡಿಕೊಳ್ಳುವುದುಂಟು, ಹೊಟ್ಟೆ ತುಂಬ ಉಂಡ ಮೇಲೂ ರೊಟ್ಟಿಯನ್ನು ತಲೆದಿಂಬಿನ ಕೆಳಗೆ ಬಚ್ಚಿಡುವುದುಂಟು. ನೋಡುವವರು ಇದನ್ನು ದುರ್ಬುದ್ಧಿಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಭಯದ ಫಲ. ನಾಳೆ ಊಟ ದೊರೆಯುವುದೋ ಇಲ್ಲವೋ ಎಂದು ಹಿಂದೆ ಅಂಜಿದ ಮಗು ಇಂದೂ ಅಂಜುತ್ತದೆ. ಆ ರೊಟ್ಟಿಯನ್ನು ಕಸಿದುಕೊಂಡರೆ ಅಂಜಿಕೆ ಇಮ್ಮಡಿಯಾಗುವುದು. "ಇದನ್ನು ಈ ಬುಟ್ಟಿಯಲ್ಲಿಡು ಮಗನೆ, ನಾಳೆಯೂ ನಿನಗೆ ಉಂಟು" ಎಂದು ಹೇಳಿ, ಹೇಳಿದಂತೆ ದಿನದಿನವೂ ನಡೆದುಕೊಂಡರೆ ಬಚ್ಚಿಡುವ ಅಭ್ಯಾಸವು ಮೆಲ್ಲನೆ ಬಿಟ್ಟುಹೋಗುವುದು. ಇದಕ್ಕೆ ತಿಂಗಳುಗಳು ಹಿಡಿದಾವು, ಪೋಷಕರು ಬೇಸರಪಡಬಾರದು.

ಈ ಕಾರ್ಯದಲ್ಲಿ ಪಂಚಾಚಾರಗಳೇ ಭಕ್ತರಿಗೆ ದಾರಿ.

ಮೊದಲನೆಯದು ಲಿಂಗಾಚಾರ. ಇದರ ಜೀವಾಳ ಏಕನಿಷ್ಠೆ. ಲಿಂಗದಲ್ಲಿ ಅಚಲವಾಗಿರುವ ಭಕ್ತನು ಮಗುವಿನ ವಿಷಯದಲ್ಲಿಯೂ ಅಚಲನಾಗಿರಬೇಕು. ವರ್ಷಕ್ಕೊಮ್ಮೆ ಬಸವಜಯಂತಿಯ ದಿನ ಹೋಳಿಗೆಯನ್ನು ಹಂಚಿ ಹಿಂದಿರುಗುವ ನೂರು ಜನರಿಗಿಂತ, ಪ್ರತಿ ಸೋಮವಾರ ತಪ್ಪದೆ ಬಂದು ಒಂದು ತಾಸು ಪಾಠ ಹೇಳುವ ಒಬ್ಬರಿಂದ ಮಗುವಿಗೆ ಹೆಚ್ಚಿನ ಹಿತವಾಗುತ್ತದೆ. ಬರುವೆನೆಂದು ಹೇಳಿ ಬಾರದಿದ್ದರೆ, ಮೊದಲೇ ನೊಂದ ಮಗುವಿನ ನಂಬಿಕೆ ಮತ್ತೊಮ್ಮೆ ಮುರಿಯುತ್ತದೆ.

ಎರಡನೆಯದು ಸದಾಚಾರ, ಶುದ್ಧವಾದ ನಡೆ ಮತ್ತು ಕಾಯಕ. ಪರರನ್ನು ತಿದ್ದಹೊರಡುವವನು ಮೊದಲು ತನ್ನನ್ನು ತಿದ್ದಿಕೊಳ್ಳಬೇಕೆಂದು ಬಸವಣ್ಣನವರು ಬೋಧಿಸಿದರು. ಬೈದು ಕಲಿಸಿದವನಿಂದ ಮಗು ಬೈಗುಳವನ್ನೇ ಕಲಿಯುವುದು. ಅದರ ಕೈಗೆ ನಿಲುಕುವ ಒಂದು ಕಾಯಕವೂ ಬೇಕು: ಗಿಡಗಳಿಗೆ ನೀರೆರೆಯುವುದು, ಸಂಗೀತದ ಅಭ್ಯಾಸ, ಕಿರಿಯರಿಗೆ ಅಕ್ಷರ ತಿದ್ದಿಸುವುದು ಮುಂತಾದವು. ಅದು ಮಗುವಿನ ವಯಸ್ಸಿಗೆ ತಕ್ಕದ್ದಾಗಿರಬೇಕು. ಓದನ್ನು ಕೆಡಿಸುವ ದುಡಿಮೆಯಾಗಬಾರದು.

ಮೂರನೆಯದಾದ ಶಿವಾಚಾರವು ಶಿವಭಕ್ತರಲ್ಲಿ ಭೇದವೆಣಿಸಬಾರದೆಂದು ವಿಧಿಸುತ್ತದೆ. ಮಗುವಿನ ಕುಲವನ್ನಾಗಲಿ, ತಾಯಿಯ ಹಿಂದಿನ ಬಾಳನ್ನಾಗಲಿ ಕೆದಕುವುದು ಇದಕ್ಕೆ ವಿರುದ್ಧ. ಸವದತ್ತಿಯ ಸೀಮೆಗೆ ಇದು ವಿಶೇಷವಾಗಿ ಅನ್ವಯಿಸುವ ಮಾತು. ದೇವದಾಸಿಯರನ್ನಾಗಿ ಬಿಡುವುದನ್ನು ಕರ್ನಾಟಕವು ೧೯೮೨ರ ಕಾಯ್ದೆಯಿಂದ ನಿಷೇಧಿಸಿತು. ಆ ತಾಯಂದಿರ ಮಕ್ಕಳನ್ನು ಹಂಗಿಸುವ ನಾಲಗೆಯನ್ನು ನಿಷೇಧಿಸಬೇಕಾದವರು ಭಕ್ತರೇ.

ನಾಲ್ಕನೆಯದು ಗಣಾಚಾರ, ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು. ೨೦೧೫ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ದೈಹಿಕ ಶಿಕ್ಷೆಯು ಅಪರಾಧ. ಅದೇ ಕಾಯ್ದೆಯು ಸಂಸ್ಥೆಯಲ್ಲಿರಿಸುವುದನ್ನು ಕೊನೆಯ ಉಪಾಯವೆಂದೂ, ಸಾಧ್ಯವಾದಷ್ಟು ಮಗು ಕುಟುಂಬದಲ್ಲಿಯೇ ಬೆಳೆಯಬೇಕೆಂದೂ ಹೇಳುತ್ತದೆ. ದಿಕ್ಕಿಲ್ಲದ ಮಗು ಕಂಡರೆ ಮರುಕದಿಂದ ತಾವೇ ಮನೆಯಲ್ಲಿ ಇರಿಸಿಕೊಳ್ಳುವುದು ಕ್ರಮವಲ್ಲ. ೧೦೯೮ಕ್ಕೆ ದೂರವಾಣಿ ಮಾಡಿ ತಿಳಿಸಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕಾಗುತ್ತದೆ.

ಐದನೆಯದು ಭೃತ್ಯಾಚಾರ, ಕಿಂಕರಭಾವ. ಕೊಡುವವನು ಮೇಲು, ಕೊಳ್ಳುವವನು ಕೀಳೆಂಬ ಭಾವ ಬಂದ ಕ್ಷಣವೇ ದಾಸೋಹವು ಅಹಂಕಾರವಾಗುತ್ತದೆ. ಹಣ್ಣುಹಂಪಲನ್ನು ಹಂಚಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಭಾವಚಿತ್ರ ತೆಗೆಸಿ ಪ್ರಕಟಿಸುವ ಪದ್ಧತಿಯು ಈ ಆಚಾರಕ್ಕೆ ಸಲ್ಲದು. ಇಂಥ ಮಕ್ಕಳ ಗುರುತನ್ನು ಹೊರಗೆಡಹುವುದನ್ನು ಕಾಯ್ದೆಯೂ ನಿಷೇಧಿಸಿದೆ.

ಆಚಾರವು ಫಲಿಸಿದ ಬಗೆಗೆ ನಿದರ್ಶನವು ದೂರದಲ್ಲಿಲ್ಲ. ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು ಗದಿಗೆಯ್ಯನೆಂಬ ಅಂಧ ಬಾಲಕನ ಕಂಠಮಾಧುರ್ಯವನ್ನು ಗುರುತಿಸಿ ಆಶ್ರಯವಿತ್ತು, ಸಂಗೀತವಿದ್ಯೆಯನ್ನು ಕೊಡಿಸಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ತಾವು ಪಡೆದುದನ್ನು ಅವರು ಇತರ ಅಂಧ ಮಕ್ಕಳಿಗೆ ಹಂಚಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಹೀಗೆ ಬೆಳೆಯಿತು. ೧೯೧೪ರಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ದೇವಗಿರಿಯ ಪುಟ್ಟಯ್ಯನು ಅವರ ಆಸರೆಗೆ ಬಂದು ಪುಟ್ಟರಾಜ ಗವಾಯಿಗಳಾದರು. ೧೯೪೪ರಲ್ಲಿ ಗುರುಗಳು ಲಿಂಗೈಕ್ಯರಾದ ತರುವಾಯ ೨೦೧೦ರ ವರೆಗೆ ಆಶ್ರಮದ ಮಕ್ಕಳಿಗೆ ಅವರೇ ಆಸರೆಯಾದರು. ಅಯ್ಯೋ ಪಾಪವೆಂಬ ಮಾತಿನಿಂದ ಇದು ಆದುದಲ್ಲ. ಭಾರವೆನಿಸಿದ್ದ ಮಗುವಿಗೆ ವಿದ್ಯೆಯನ್ನೂ ಕಾಯಕವನ್ನೂ ಕೊಟ್ಟುದರಿಂದ, ಕೊಟ್ಟ ಕೈಯನ್ನು ನಡುದಾರಿಯಲ್ಲಿ ಬಿಡದೆ ಇದ್ದುದರಿಂದ ಆಯಿತು.

ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬೀಳುವ ತರುಣರಿಗೆ ಇಪ್ಪತ್ತೊಂದರ ವರೆಗೆ ಆರ್ಥಿಕ ನೆರವು ನೀಡಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಹಬ್ಬದ ದಿನ ಹೋಗಿ ಉಣ್ಣಲು ಒಂದು ಮನೆ, ಕಷ್ಟ ಬಂದಾಗ ಕೇಳಲು ಒಬ್ಬ ಅಪ್ಪ, ಒಬ್ಬ ಅವ್ವ, ಇವನ್ನು ಯಾವ ಕಾಯ್ದೆಯೂ ಕೊಡಲಾರದು. ಅದನ್ನು ಕೊಡಬಲ್ಲವರು ಗೃಹಸ್ಥರು. ಪ್ರತಿಯೊಂದು ಊರಿನ ಭಕ್ತರು ಅಂಥ ಒಂದು ಮಗುವಿಗಾದರೂ, ಸಂಸ್ಥೆಯವರ ಅನುಮತಿಯನ್ನು ಪಡೆದು, ತಪ್ಪದ ನೇಮದಿಂದ ನಡೆದುಕೊಂಡರೆ ಪಂಚಾಚಾರವು ಬರಿಯ ಪಾಠವಾಗಿ ಉಳಿಯದೆ ಬಾಳುವೆಯಾಗುವುದು.