ಗುಮಾಸ್ತೆ ಹುದ್ದೆಗೆ ಯಾವ ಸರ್ಟಿಫಿಕೇಟು ನಡೆಯುತ್ತದೆ?

ಎಸ್ಸೆಸ್ಸೆಲ್ಸಿ ಮುಗಿಸಿದ ತಂಗಿ ಐಟಿಐ ಸೇರಿ ಒಂದು ವರ್ಷದ ‘ಕೋಪಾ’, ಅಂದರೆ ಕಂಪ್ಯೂಟರ್ ಆಪರೇಟರ್ ತರಬೇತಿ ಪಡೆಯುತ್ತಾಳೆ. ಅಣ್ಣ ಅದೇ ಐಟಿಐಯಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಾನೆ. ಮುಂದೊಂದು ದಿನ ಸರ್ಕಾರ ದ್ವಿತೀಯ ದರ್ಜೆ ಸಹಾಯಕರ, ನಾವೆಲ್ಲ ಎಸ್‌ಡಿಎ ಎನ್ನುವ, ಹುದ್ದೆಗೆ ಅರ್ಜಿ ಕರೆದಾಗ ಕೀಬೋರ್ಡಿನ ಮೇಲೆ ಕೈ ಪಳಗಿಸಿಕೊಂಡ ತಂಗಿಗೆ ಅರ್ಹತೆ ಇರುವುದಿಲ್ಲ. ವೈರಿಂಗ್ ಕಲಿತ ಅಣ್ಣನಿಗೆ, ಇನ್ನೆರಡು ವಿಷಯ ಪಾಸು ಮಾಡಿಕೊಂಡರೆ, ಇರುತ್ತದೆ.

ಹೀಗೇಕೆ ಎಂಬುದು ಅಧಿಸೂಚನೆಯ ವಿದ್ಯಾರ್ಹತೆಯ ಕಲಮಿನಲ್ಲಿದೆ. ಎಸ್‌ಡಿಎ ಹುದ್ದೆಗೆ ಬೇಕಾದದ್ದು ಪಿಯುಸಿ ಅಥವಾ ಅದಕ್ಕೆ ತತ್ಸಮಾನ. ತತ್ಸಮಾನ ಯಾವುದು ಎಂಬ ಪಟ್ಟಿಯನ್ನೂ ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) ಮತ್ತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಕೆಳಗೇ ಕೊಟ್ಟಿರುತ್ತಾರೆ: ಸಿಬಿಎಸ್‌ಇ, ಐಸಿಎಸ್‌ಇ ಮತ್ತು ಇತರ ರಾಜ್ಯಗಳ 12ನೇ ತರಗತಿ, ರಾಷ್ಟ್ರೀಯ ಮುಕ್ತ ಶಾಲೆಯ ಉನ್ನತ ಪ್ರೌಢ ಶಿಕ್ಷಣ, ಮೂರು ವರ್ಷದ ಡಿಪ್ಲೊಮಾ, ಎರಡು ವರ್ಷದ ಐಟಿಐ, ಹಳೆಯ ಉದ್ಯೋಗಾಧಾರಿತ ಕೋರ್ಸಾದ ಜೆಒಸಿ. ಐಟಿಐಯವರು ಇದರ ಜೊತೆಗೆ ಮುಕ್ತ ಶಾಲೆಯಿಂದಲೋ ಪದವಿಪೂರ್ವ ಇಲಾಖೆಯಿಂದಲೋ ಒಂದು ಭಾಷೆ, ಒಂದು ಶೈಕ್ಷಣಿಕ ವಿಷಯ ಪಾಸಾಗಿರಬೇಕು ಎಂಬ ಷರತ್ತು ಟಿಪ್ಪಣಿಯಲ್ಲಿರುತ್ತದೆ. ಪಟ್ಟಿ ನೋಡುವುದು ಕೋರ್ಸಿನ ಅವಧಿಯನ್ನು, ಕಲಿತ ವಿದ್ಯೆಯನ್ನಲ್ಲ. ಐಟಿಐಯಲ್ಲಿ ಕಚೇರಿ ಕೆಲಸಕ್ಕೆಂದೇ ಇರುವ ಕೋಪಾ, ಸ್ಟೆನೊ ತರಬೇತಿಗಳು ಒಂದೊಂದೇ ವರ್ಷದವು. ಹಾಗಾಗಿ ಕಚೇರಿ ಕೆಲಸ ಕಲಿತವರೇ ಹೊರಗುಳಿಯುತ್ತಾರೆ. ಇದು ಸರಿಯಲ್ಲ, ಬದಲಾಗಬೇಕು. ಬದಲಾಗುವ ತನಕ, ಒಂದು ವರ್ಷದ ಕೋರ್ಸಿಗೆ ಸೇರುವ ಮಕ್ಕಳಿಗೆ ಈ ಮಾತನ್ನು ಪ್ರವೇಶದ ದಿನವೇ ಹೇಳಬೇಕು. ಮುಕ್ತ ಶಾಲೆಯಲ್ಲಿ 12ನೇ ತರಗತಿಗೂ ಹೆಸರು ನೋಂದಾಯಿಸಿದರೆ ಆ ಬಾಗಿಲು ತೆರೆದೇ ಇರುತ್ತದೆ.

ಪಾಲಿಟೆಕ್ನಿಕ್‌ಗಳ ಮೂರು ವರ್ಷದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾ ಈ ಪಟ್ಟಿಯೊಳಗೇ ಬರುತ್ತದೆ. ಟೈಪಿಂಗ್, ಶಾರ್ಟ್‌ಹ್ಯಾಂಡ್, ಲೆಕ್ಕಪತ್ರ, ಪತ್ರ ವ್ಯವಹಾರ ಎಲ್ಲವನ್ನೂ ಕಲಿಸುವ ಈ ಓದು ಕಚೇರಿ ಕೆಲಸಕ್ಕೆ ಒಳ್ಳೆಯ ತಯಾರಿ. ಆದರೆ ಪ್ರಥಮ ದರ್ಜೆ ಸಹಾಯಕರ ನೇರ ನೇಮಕಾತಿಗೆ ಪದವಿಯೇ ಬೇಕು, ಅಲ್ಲಿ ಡಿಪ್ಲೊಮಾ ಸಾಲದು. ಎಸ್‌ಡಿಎ ಆಗಿ ಸೇರಿ ಬಡ್ತಿಯಿಂದ ಆ ಹುದ್ದೆಗೆ ಹೋಗುವ ದಾರಿ ಬೇರೆ. ಶೀಘ್ರಲಿಪಿಗಾರ, ಬೆರಳಚ್ಚುಗಾರ ಹುದ್ದೆಗಳಲ್ಲಿ ಓದಿನ ಜೊತೆಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುವ ಪ್ರೌಢ ದರ್ಜೆಯ ಶೀಘ್ರಲಿಪಿ ಅಥವಾ ಬೆರಳಚ್ಚು ಪರೀಕ್ಷೆಯನ್ನು ಕೇಳುತ್ತಾರೆ. ಎಂ.ಕಾಂ. ಮಾಡಿದವರಿಗೂ ಈ ಕಾಗದ ಇಲ್ಲದಿದ್ದರೆ ಅರ್ಹತೆ ಇಲ್ಲ. ಕೇಂದ್ರದ ಎಸ್‌ಎಸ್‌ಸಿ ಸ್ಟೆನೊಗ್ರಾಫರ್ ಪರೀಕ್ಷೆಗೆ 12ನೇ ತರಗತಿ ಸಾಕು. ಅಲ್ಲಿ ‘ಸಿ’ ಗ್ರೇಡಿಗೆ ನಿಮಿಷಕ್ಕೆ 100, ‘ಡಿ’ ಗ್ರೇಡಿಗೆ 80 ಪದಗಳ ವೇಗದಲ್ಲಿ ಹೇಳಿ ಬರೆಸುತ್ತಾರೆ, ಅದೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ.

ಇತ್ತೀಚೆಗೆ ತರಬೇತಿ ಕೇಂದ್ರಗಳ ಕರಪತ್ರಗಳಲ್ಲಿ ‘ಲೆವೆಲ್ 4’, ‘ಲೆವೆಲ್ 5’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಇದು ಸುಳ್ಳಲ್ಲ, ಅರ್ಧ ಸತ್ಯ. 2013ರಲ್ಲಿ ಅಧಿಸೂಚನೆಯಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇವೆರಡೂ ಕೌಶಲ ತರಬೇತಿಯನ್ನೂ ಶಾಲಾ ಕಾಲೇಜು ಓದನ್ನೂ ಒಂದೇ ಅಳತೆಯಲ್ಲಿ ಜೋಡಿಸುತ್ತವೆ. ಹತ್ತನೇ ತರಗತಿ 3ನೇ ಹಂತ, ಹನ್ನೆರಡನೆಯದು 4, ಮೂರು ವರ್ಷದ ಪದವಿ 5.5, ನಾಲ್ಕು ವರ್ಷದ್ದು 6. ನಾಲ್ಕನೇ ಹಂತದ ಕಚೇರಿ ಸಹಾಯಕ ತರಬೇತಿಯ ಸರ್ಟಿಫಿಕೇಟು ಈ ಚಾರ್ಟಿನಲ್ಲಿ ಪಿಯುಸಿಯ ಪಕ್ಕದಲ್ಲೇ ಕೂರುತ್ತದೆ. ಮುಂದಿನ ಓದಿಗೆ, ಕ್ರೆಡಿಟ್ ವರ್ಗಾವಣೆಗೆ, ಖಾಸಗಿ ಕಂಪನಿಗಳ ಸಂದರ್ಶನಕ್ಕೆ ಅದರಿಂದ ಉಪಯೋಗವಿದೆ. ಸರ್ಕಾರಿ ಹುದ್ದೆಯ ಅರ್ಹತೆಯನ್ನು ತೀರ್ಮಾನಿಸುವುದು ಮಾತ್ರ ಆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ. ಆ ನಿಯಮದಲ್ಲೋ ಸರ್ಕಾರಿ ಆದೇಶದಲ್ಲೋ ಕೋರ್ಸಿನ ಹೆಸರಿಲ್ಲದಿದ್ದರೆ ಲೆವೆಲ್ ಎಷ್ಟಿದ್ದರೂ ಕೆಲಸಕ್ಕೆ ಬಾರದು.

‘ಹೆಚ್ಚು ಓದಿದ್ದೇನೆ, ಕಡಿಮೆ ಅರ್ಹತೆಯ ಹುದ್ದೆಗೆ ಯಾಕೆ ಬೇಡ?’ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹಲವು ಬಾರಿ ಬಂದಿದೆ. ಕೇರಳದ ಸಬ್ ಎಂಜಿನಿಯರ್ ಹುದ್ದೆಯ ಜ್ಯೋತಿ ಕೆ.ಕೆ. ಪ್ರಕರಣದಲ್ಲಿ, ಡಿಪ್ಲೊಮಾ ಕೇಳಿದ್ದ ಹುದ್ದೆಗೆ ಪದವೀಧರರನ್ನು ಪರಿಗಣಿಸಬಹುದು ಎಂದು ಕೋರ್ಟು ಹೇಳಿತು. ಆದರೆ ಅದು ಅಲ್ಲಿನ ನಿಯಮದಲ್ಲಿದ್ದ ಒಂದು ವಿಶೇಷ ಕಲಮಿನ ಬಲದಿಂದ ಬಂದ ತೀರ್ಪು. ಜಮ್ಮು ಕಾಶ್ಮೀರದ ಜಹೂರ್ ಅಹ್ಮದ್ ರಾಥರ್ ಪ್ರಕರಣದಲ್ಲಿ, ಮೆಟ್ರಿಕ್ ಜೊತೆಗೆ ಐಟಿಐ ಕೇಳಿದ್ದ ತಂತ್ರಜ್ಞರ ಹುದ್ದೆಗೆ ಡಿಪ್ಲೊಮಾದವರು ಅರ್ಹರಲ್ಲ ಎಂದು 2018ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಯಾವ ಓದು ಯಾವುದಕ್ಕೆ ಸಮ ಎಂದು ಹೇಳುವುದು ನೇಮಕ ಮಾಡುವ ಸರ್ಕಾರದ ಕೆಲಸ, ಕೋರ್ಟು ಆ ಜಾಗದಲ್ಲಿ ಕೂರುವುದಿಲ್ಲ ಎಂಬುದು ಅದರ ತಿರುಳು. 2020ರಲ್ಲಿ ಬ್ಯಾಂಕಿನ ಜವಾನ ಹುದ್ದೆಯ ಪ್ರಕರಣವೊಂದರಲ್ಲಿ, ಪದವೀಧರರು ಬೇಡವೆಂದಿದ್ದರೂ ತಾನು ಪದವೀಧರನೆಂಬುದನ್ನು ಮುಚ್ಚಿಟ್ಟ ಅಭ್ಯರ್ಥಿಗೆ ಕೆಲಸ ದಕ್ಕಲಿಲ್ಲ. ಓದನ್ನು ಬಚ್ಚಿಡುವುದೂ ತಪ್ಪು, ಇಲ್ಲದ್ದನ್ನು ತೋರಿಸುವುದೂ ತಪ್ಪು. ನಕಲಿ ಅಂಕಪಟ್ಟಿ ಹಾಜರುಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯಡಿ ಅದು ಅಪರಾಧ.

ಪದವಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಹೇಳುತ್ತದೆ. ‘ಒಂದೇ ವರ್ಷದಲ್ಲಿ ಬಿ.ಕಾಂ.’ ಎಂಬ ಬೋರ್ಡು ಕಂಡರೆ ಹಣ ಕಟ್ಟುವ ಮೊದಲು ಯುಜಿಸಿಯ ಜಾಲತಾಣದಲ್ಲಿ ಆ ಸಂಸ್ಥೆಯ ಹೆಸರು ಹುಡುಕಿ, ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಕೂಡ ಅಲ್ಲೇ ಇದೆ. ದೂರಶಿಕ್ಷಣವಾದರೆ ನೀವು ಸೇರುವ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ನೋಡಿ. ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ಕೆಲವು ವರ್ಷ ಇಲ್ಲದೆ 2018ರಲ್ಲಿ ಮರಳಿದ್ದನ್ನು, ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡನ್ನು ಈ ನಾಡು ಮರೆತಿಲ್ಲ.

ನಿಮ್ಮ ಕೋರ್ಸಿನ ಬಗ್ಗೆ ಸಂದೇಹವಿದ್ದರೆ ಅಧಿಸೂಚನೆ ಬರುವ ತನಕ ಕಾಯಬೇಡಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. ‘ನಾನು ಅರ್ಹನೇ?’ ಎಂದು ಕೇಳಿದರೆ ಅಭಿಪ್ರಾಯ ಕೊಡುವುದಿಲ್ಲ ಎಂದು ಹಿಂಬರಹ ಬರಬಹುದು. ಅದರ ಬದಲು ಹೀಗೆ ಬರೆಯಿರಿ: ‘ಈ ಕೋರ್ಸನ್ನು ಪಿಯುಸಿಗೆ ತತ್ಸಮಾನವೆಂದು ಪರಿಗಣಿಸಿದ ಸರ್ಕಾರಿ ಆದೇಶ ಅಥವಾ ಸುತ್ತೋಲೆಯ ಸಂಖ್ಯೆ, ದಿನಾಂಕ ಮತ್ತು ಪ್ರತಿಯನ್ನು ಒದಗಿಸಿ.’ ಉತ್ತರಕ್ಕೆ 30 ದಿನ. ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಆ ಆದೇಶದ ಪ್ರತಿ ಕೈಯಲ್ಲಿದ್ದರೆ ದಾಖಲೆ ಪರಿಶೀಲನೆಯ ದಿನ ಅಧಿಕಾರಿಯ ಎದುರು ವಾದ ಮಾಡುವ ಅಗತ್ಯ ಬೀಳುವುದಿಲ್ಲ, ಕಾಗದವನ್ನೇ ಮುಂದಿಡಬಹುದು. ದಿನಾಂಕವನ್ನೂ ನೋಡಿಕೊಳ್ಳಿ. ಅಧಿಸೂಚನೆ ಬೇರೆ ದಿನ ಹೇಳದಿದ್ದರೆ, ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ ನಿಮ್ಮ ಫಲಿತಾಂಶ ಬಂದಿರಬೇಕು. ಪರೀಕ್ಷೆ ಬರೆದಿದ್ದೇನೆ ಎಂದರೆ ಸಾಲದು.

ಅರ್ಹತೆ ಇದ್ದೂ ಹೆಸರು ಕೈಬಿಟ್ಟರೆ ಮೊದಲು ಆಕ್ಷೇಪಣೆಗೆ ಕೊಟ್ಟ ಅವಧಿಯೊಳಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಕಾರಣವನ್ನು ಬರವಣಿಗೆಯಲ್ಲೇ ಕೇಳಿ. ನ್ಯಾಯ ಕೇಳುವ ಜಾಗ ಹುದ್ದೆಗೆ ತಕ್ಕಂತೆ ಬೇರೆ. ರಾಜ್ಯ ಸರ್ಕಾರದ ಇಲಾಖೆಗಳ ನೇಮಕಾತಿಯ ತಕರಾರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ, ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಯಲ್ಲೂ ಅದರ ಪೀಠಗಳಿವೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಂತೆ ಅಂತಿಮ ಆದೇಶವಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಆಯ್ಕೆ ಪಟ್ಟಿಯಾಗಿ ಬೇರೆಯವರು ಕೆಲಸಕ್ಕೆ ಸೇರಿಬಿಟ್ಟ ಮೇಲೆ ಪರಿಹಾರ ಸಿಗುವುದು ಕಷ್ಟ, ಆದ್ದರಿಂದ ವಾರಗಳ ಲೆಕ್ಕದಲ್ಲಿ ಓಡಾಡಿ. ಜಿಲ್ಲಾ ನ್ಯಾಯಾಲಯದ ಬೆರಳಚ್ಚುಗಾರ, ಶೀಘ್ರಲಿಪಿಗಾರ ಹುದ್ದೆಗಳ ತಕರಾರು ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ವಕೀಲರ ಶುಲ್ಕಕ್ಕೆ ಹಣವಿಲ್ಲದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉಚಿತ ನೆರವು ಕೇಳಬಹುದು. ಹೋಗುವಾಗ ಅಧಿಸೂಚನೆ, ಅರ್ಜಿಯ ಪ್ರತಿ, ಅಂಕಪಟ್ಟಿಗಳು ಮತ್ತು ಮನವಿಯ ಸ್ವೀಕೃತಿ ಜೊತೆಗಿರಲಿ.