ಒಂದೆಲಗವನ್ನು ಗುರುತಿಸುವ ಬಗೆ

ತೋಟದ ತಂಪಿನಲ್ಲಿ, ಗದ್ದೆಯ ಬದುವಿನಲ್ಲಿ, ಹಳ್ಳದ ಅಂಚಿನಲ್ಲಿ ನೆಲಕ್ಕಂಟಿ ಹಬ್ಬುವ ಒಂದೆಲಗವನ್ನು ನೀವು ಕಂಡಿರಬಹುದು. ತುಳುವಿನಲ್ಲಿ ಇದನ್ನು ತಿಮರೆ ಎಂದೂ ಸಂಸ್ಕೃತದಲ್ಲಿ ಮಂಡೂಕಪರ್ಣಿ ಎಂದೂ ಕರೆಯುತ್ತಾರೆ. ಸೆಂಟೆಲ್ಲಾ ಏಷಿಯಾಟಿಕಾ ಎಂಬುದು ಇದರ ಶಾಸ್ತ್ರೀಯ ನಾಮ. ಇದು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ ಬಹುವಾರ್ಷಿಕ ಸಸ್ಯ.

ಸಸ್ಯದ ರಚನೆ

ಇದರ ಕಾಂಡವು ತೆಳುವಾದ ಬಳ್ಳಿಯಂತೆ ನೆಲದ ಮೇಲೆ ಹರಿಯುತ್ತದೆ. ಪ್ರತಿ ಗಿಣ್ಣಿನಲ್ಲೂ ಕೆಳಗೆ ಬೇರು, ಮೇಲೆ ಎಲೆಗಳು ಮೂಡುತ್ತವೆ. ಒಂದೊಂದು ಉದ್ದವಾದ ತೊಟ್ಟಿಗೆ ಒಂದೇ ಎಲೆ. ಎಲೆಯು ಮೂತ್ರಪಿಂಡದ ಆಕಾರದ್ದು. ತೊಟ್ಟು ಸೇರುವ ಕಡೆ ಒಳಕ್ಕೆ ಸೀಳಿದಂತಿದ್ದು, ಅಂಚಿನಲ್ಲಿ ಮೊಂಡು ಹಲ್ಲುಗಳಿರುತ್ತವೆ. ನರಗಳು ತೊಟ್ಟಿನ ತುದಿಯಿಂದ ಅಂಗೈಯ ಬೆರಳುಗಳಂತೆ ಹರಡುತ್ತವೆ. ನಸುಗೆಂಪು ಛಾಯೆಯ ಅತಿ ಸಣ್ಣ ಹೂಗಳು ಎಲೆಗಳ ಬುಡದಲ್ಲಿ ಚಿಕ್ಕ ಗೊಂಚಲಾಗಿ ಬಿಡುತ್ತವೆ. ಕಾಯಿ ಚಪ್ಪಟೆಯಾಗಿದ್ದು ಅದರ ಮೇಲೆ ಗೆರೆಗಳಿರುತ್ತವೆ.

ಹೆಸರಿನ ಗೊಂದಲ

ಹಲವೆಡೆ ಒಂದೆಲಗವನ್ನೇ ಬ್ರಾಹ್ಮಿ ಎನ್ನುವುದುಂಟು. ಆದರೆ ನೀರುಬ್ರಾಹ್ಮಿ ಬೇರೆಯೇ ಸಸ್ಯ. ಅದರ ಎಲೆಗಳು ಚಿಕ್ಕವು, ದಪ್ಪನೆಯವು, ತೊಟ್ಟಿಲ್ಲದವು. ಕಾಂಡದ ಮೇಲೆ ಎದುರುಬದುರಾಗಿ ಜೋಡಿಸಿಕೊಂಡಿರುತ್ತವೆ. ಆದುದರಿಂದ ಹೆಸರನ್ನು ಮಾತ್ರ ನಂಬದೆ, ಎಲೆ ಮತ್ತು ತೊಟ್ಟನ್ನು ನೋಡಿ ನಿರ್ಧರಿಸಿರಿ.

ಬಳಸುವ ಕ್ರಮ

ಸೊಪ್ಪನ್ನು ಕಾಯಿತುರಿ, ಜೀರಿಗೆ, ಮೆಣಸಿನೊಡನೆ ಅರೆದು ಮಜ್ಜಿಗೆ ಬೆರೆಸಿದರೆ ತಂಬುಳಿ ಸಿದ್ಧವಾಗುತ್ತದೆ. ತಂಬುಳಿಯಲ್ಲಿ ಸೊಪ್ಪನ್ನು ಹಸಿಯಾಗಿಯೇ ಸೇವಿಸುವುದುಂಟು. ಬಳ್ಳಿಯೋ ಕೆಸರಿಗಂಟಿಯೇ ಬೆಳೆಯುತ್ತದೆ. ಆದ್ದರಿಂದ ಚರಂಡಿಯ ಬಳಿ, ಬಯಲು ಶೌಚದ ಸ್ಥಳದಲ್ಲಿ, ಕೀಟನಾಶಕ ಸಿಂಪಡಿಸಿದ ಹೊಲದಲ್ಲಿ ಬೆಳೆದುದನ್ನು ಕೀಳಬಾರದು. ಬೇರನ್ನು ತೆಗೆದು, ಎಲೆಗಳನ್ನು ಶುದ್ಧವಾದ ನೀರಿನಲ್ಲಿ ಹಲವು ಬಾರಿ ತೊಳೆಯಬೇಕು.

ಗರ್ಭಿಣಿಯರ ಗಮನಕ್ಕೆ

ಊಟದ ಸೊಪ್ಪು ಬೇರೆ, ಔಷಧಿ ಬೇರೆ. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಒಂದೆಲಗದ ಪುಡಿ, ಕಷಾಯ, ಮಾತ್ರೆಗಳನ್ನು ಸೇವಿಸಬಾರದು. ಇದರಿಂದ ತಯಾರಿಸಿದ ಮಾತ್ರೆಗಳನ್ನು ವಾರಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದ ಉದಾಹರಣೆಗಳಿವೆ. ಸೊಪ್ಪು ತಿನ್ನುತ್ತಿದ್ದೇವೆಂದು ಕಬ್ಬಿಣಾಂಶದ ಮಾತ್ರೆಯನ್ನು ನಿಲ್ಲಿಸುವುದೂ ತಪ್ಪು. ಅದನ್ನು ಗರ್ಭ ಧರಿಸಿದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು.

ಹೊಲದಿಂದ ಸೊಪ್ಪು ತರುವವರು ಪತಿ, ಅಡಿಗೆ ಮಾಡುವವರು ಪತ್ನಿ ಎಂದಿದ್ದರೂ ಈ ತಿಳಿವಳಿಕೆ ಇಬ್ಬರಿಗೂ ಇರಬೇಕು. ಸರಿಯಾದ ಸಸ್ಯ, ಶುಚಿಯಾದ ಸ್ಥಳ, ಮಿತವಾದ ಬಳಕೆ, ಈ ಮೂರನ್ನು ಮರೆಯದಿರಿ.